ಮಗು ನೀರು ಕುಡಿದಿರಲಿಲ್ಲ: ಪುಷ್ಯ ನಕ್ಷತ್ರದ ಒಂದು ಸಿಸೇರಿಯನ್

“ಮಗು ಹೊಟ್ಟೇಲೇ ನೀರು ಕುಡಿದುಬಿಟ್ಟಿದೆಯಂತೆ.” ನನ್ನ ತಂಗಿಯ ಮಗು ಎನ್‌ಐಸಿಯು, ಅಂದರೆ ಹೊಸ ಮಕ್ಕಳ ತೀವ್ರ ನಿಗಾ ಘಟಕ ಸೇರಿದ ಅರ್ಧ ಗಂಟೆಯೊಳಗೆ ಈ ಮಾತು ಕಾರಿಡಾರ್ ದಾಟಿ, ಫೋನಿನಲ್ಲಿ ಊರು ತಲುಪಿ, ಸಂಜೆ ಹೊತ್ತಿಗೆ ತಿರುಗಿ ನನ್ನ ಕಿವಿಗೇ ಬಂತು. ನಾನು 11 ವರ್ಷದಿಂದ ಬೇರೊಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲಸದ ಗಡಿಬಿಡಿಯಲ್ಲಿ ಒಂದೆರಡು ಸಲ ನಾನೇ ಹೇಳಿದ್ದೂ ಇದೆ, ಯಾಕಂದ್ರೆ ಹಾಗಂದರೆ ಮನೆಯವರಿಗೆ ಬೇಗ ತಿಳಿಯುತ್ತದೆ. ಆದರೆ ಈ ಮಗು ನೀರು ಕುಡಿದಿರಲಿಲ್ಲ. ಅದರ ಶ್ವಾಸಕೋಶದಲ್ಲಿದ್ದ ನೀರು ಅದೇ ಮಾಡಿಕೊಂಡಿದ್ದ ನೀರು. ಹುಟ್ಟುವ ಹೊತ್ತಿಗೆ ಅದನ್ನು ಖಾಲಿ ಮಾಡಬೇಕು ಅಂತ ಮಗುವಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ತಂಗಿಗೆ 29 ವರ್ಷ, ಎರಡನೇ ಬಸಿರು. ಮೊದಲನೇ ಮಗು ಉಲ್ಟಾ ಇದ್ದ ಕಾರಣ ಸಿಸೇರಿಯನ್ ಆಗಿತ್ತು. ಈ ಸಲ ಬಿಪಿ ಇಲ್ಲ, ಶುಗರ್ ಇಲ್ಲ, ಸ್ಕ್ಯಾನಿಂಗ್ ಎಲ್ಲ ಸರಿ, ಮಗುವಿನ ತಲೆ ಕೆಳಗೇ ಇತ್ತು. ಡಾಕ್ಟರು ಇದನ್ನೂ ಆಪರೇಷನ್ನೇ ಮಾಡೋಣ ಅಂತ 39 ವಾರ 1 ದಿನಕ್ಕೆ, ಒಂದು ಸೋಮವಾರ ಗೊತ್ತುಮಾಡಿದ್ದರು. ಅತ್ತೆ ಮನೆಯವರು ಪಂಚಾಂಗ ತೆಗೆದು ನೋಡಿದರೆ ಸೋಮವಾರ ಮೂಲಾ ನಕ್ಷತ್ರ. ಮುಂದಿನದು ನಿಮಗೇ ಗೊತ್ತು. ಜೋಯಿಸರು 11 ದಿನ ಹಿಂದಕ್ಕೆ ಎಣಿಸಿ, ಗುರುವಾರ, ಪುಷ್ಯ ನಕ್ಷತ್ರ, ಬೆಳಗ್ಗೆ 7ರಿಂದ 7:40ರೊಳಗೆ ಮಗು ಹೊರಗೆ ಬರಬೇಕು ಅಂತ ಚೀಟಿ ಬರೆದುಕೊಟ್ಟರು. ಅಂದರೆ 37 ವಾರ 4 ದಿನ.

ಡಾಕ್ಟರು ಒಂದು ಸಲ ಬೇಡ ಅಂದರು. ಎರಡನೇ ಸಲ ಕೇಳಿದಾಗ “ನಿಮ್ಮಿಷ್ಟ, ಸಹಿ ಮಾಡಿ” ಅಂದರು. ತಂಗಿ ನನಗೆ ಫೋನ್ ಮಾಡಿದಳು. ನಾನು “ಒಂದು ಹತ್ತು ದಿನ ಕಾಯಬಹುದಿತ್ತು ಕಣೇ” ಅಂದೆ. ಅಷ್ಟರಲ್ಲಿ ಅವಳ ಅತ್ತೆ ಫೋನ್ ಇಸ್ಕೊಂಡು, “ನೋಡಮ್ಮಾ, ತಿಂಗಳು ತುಂಬಿದೆ, ಒಂಬತ್ತಕ್ಕೆ ಬಿದ್ದು ಎಷ್ಟು ದಿನ ಆಯ್ತು, ಅವಳೂ ಪಾಪ ನೋವು ತಿನ್ನೋದು ಬೇಡ” ಅಂದರು. ಆ ಮನೆಯಲ್ಲಿ ನಾನು ಹೆಣ್ಣು ಕೊಟ್ಟ ಕಡೆಯವಳು. ಸುಮ್ಮನಾದೆ. ದಿನಾ ವಾರ್ಡಿನಲ್ಲಿ ನೋಡುವುದನ್ನು ಅವತ್ತು ಬಾಯಿಬಿಟ್ಟು ಹೇಳಲಿಲ್ಲ.

ಗುರುವಾರ ಬೆನ್ನಿನ ಸೂಜಿ ಮೊದಲ ಸಲ ಸರಿಯಾಗಿ ಕೂರಲಿಲ್ಲ. ಮಗು ಹೊರಗೆ ಬಂದಾಗ 7:46. ಮುಹೂರ್ತ ಆರು ನಿಮಿಷ ಮೀರಿತ್ತು, ಜೋಯಿಸರು ಪರವಾಗಿಲ್ಲ ಅಂದರಂತೆ. ಹೆಣ್ಣು ಮಗು, 2.76 ಕೆಜಿ. ಹುಟ್ಟಿದ ತಕ್ಷಣ ಅತ್ತಿತು. ಅಪ್ಗಾರ್ ಅಂಕ ಒಂದನೇ ನಿಮಿಷಕ್ಕೆ 7, ಐದನೇ ನಿಮಿಷಕ್ಕೆ 8. 1952ರಲ್ಲಿ ನ್ಯೂಯಾರ್ಕಿನ ಅರಿವಳಿಕೆ ವೈದ್ಯೆ ವರ್ಜೀನಿಯಾ ಅಪ್ಗಾರ್ ಹುಟ್ಟಿದ ಮಗುವಿನ ಸ್ಥಿತಿ ಅಳೆಯಲು ಮಾಡಿಟ್ಟ ಈ ಹತ್ತರ ಲೆಕ್ಕದಲ್ಲಿ 8 ಒಳ್ಳೆ ಅಂಕವೇ. ಎಲ್ಲರೂ ಸಿಹಿ ಹಂಚಿದರು.

ಇಪ್ಪತ್ತನೇ ನಿಮಿಷಕ್ಕೆ ಮಗು ಸದ್ದು ಮಾಡಲು ಶುರುಮಾಡಿತು. ಅಳುವಲ್ಲ. ಪ್ರತಿ ಉಸಿರು ಬಿಡುವಾಗಲೂ “ಹ್ಞಾ... ಹ್ಞಾ...” ಅಂತ ಸಣ್ಣಗೆ ಮುಲುಕು. ಅಜ್ಜಿ, ಅಂದರೆ ತಂಗಿಯ ಅತ್ತೆ, “ನೋಡು, ಆಗಲೇ ಮಾತಾಡ್ತಿದೆ” ಅಂದರು. ನಾನು ಬಟ್ಟೆ ಸರಿಸಿ ನೋಡಿದೆ. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆ ಒಳಗೆ ಎಳೆಯುತ್ತಿತ್ತು, ತುಟಿಯ ಸುತ್ತ ಮಾಸಲು ನೀಲಿ. ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ: 82 ಉಸಿರು. ಹೊಸ ಮಗುವಿಗೆ 40ರಿಂದ 60 ಸರಿ. ಆ ಮುಲುಕು ಇದೆಯಲ್ಲ, ಅದು ನೋವಿನ ಸದ್ದಲ್ಲ. ಉಸಿರು ಬಿಡುವಾಗ ಮಗು ಗಂಟಲನ್ನು ಅರ್ಧ ಮುಚ್ಚಿಕೊಂಡು, ಸ್ವಲ್ಪ ಗಾಳಿಯನ್ನು ಒಳಗೇ ತಡೆದಿಟ್ಟುಕೊಳ್ಳುತ್ತದೆ. ಪೂರ್ತಿ ಬಿಟ್ಟರೆ ಶ್ವಾಸಕೋಶದ ಗೂಡುಗಳು ಅಂಟಿಕೊಂಡುಬಿಡುತ್ತವೆ ಅಂತ ಅದರ ಮೈಗೆ ಗೊತ್ತು. ಯಾರೂ ಹೇಳಿಕೊಡದೆ ಮಾಡುವ ಕೆಲಸ ಇದು, ಎಷ್ಟು ಸಲ ಕಂಡರೂ ನನಗೆ ಒಂದು ಕ್ಷಣ ಮೈ ಜುಂ ಅನ್ನುತ್ತದೆ.

ಎನ್‌ಐಸಿಯುನಲ್ಲಿ ನನ್ನ ಜೊತೆ ಓದಿದವಳೇ ಡ್ಯೂಟಿಯಲ್ಲಿದ್ದಳು, ಹಾಗಾಗಿ ನನ್ನನ್ನು ಒಳಗೆ ಬಿಟ್ಟರು. ಬಲಗೈಗೆ ಕಟ್ಟಿದ ಮೀಟರಿನಲ್ಲಿ ಆಕ್ಸಿಜನ್ 84. ಮೈಯ ಬಿಸಿ 35.9 ಡಿಗ್ರಿ. 36.5ಕ್ಕಿಂತ ಕಮ್ಮಿ ಇರಬಾರದು. ಒಂದು ಗಂಟೆಗೆ ಹಿಮ್ಮಡಿ ಚುಚ್ಚಿ ಶುಗರ್ ನೋಡಿದರೆ 34, ಕೈಕಾಲು ಸಣ್ಣಗೆ ಅದುರುತ್ತಿತ್ತು. ಉಸಿರು, ಬಿಸಿ, ಸಕ್ಕರೆ, ಮೂರೂ ಒಟ್ಟಿಗೆ ಕೈಕೊಟ್ಟಿದ್ದವು. ಮನೆಯವರಿಗೆ ಇವು ಮೂರು ಬೇರೆ ಬೇರೆ ಕಾಯಿಲೆಯ ಹಾಗೆ ಕಂಡವು. ನನಗೆ ಒಂದೇ ಕಂಡಿತು.

ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಗಾಳಿಯ ಚೀಲವಲ್ಲ, ನೀರಿನ ಚೀಲ. ಆ ನೀರು ಹೊರಗಿನಿಂದ ಕುಡಿದದ್ದಲ್ಲ, ಗರ್ಭದ ನೀರೂ ಅಲ್ಲ. ಶ್ವಾಸಕೋಶದ ಒಳಪದರವೇ ಹಗಲೂ ರಾತ್ರಿ ಜಿನುಗಿಸುವ ದ್ರವ ಅದು. ಅದು ತುಂಬಿಕೊಂಡು ಒಳಗಿನಿಂದ ಒತ್ತುತ್ತಿದ್ದರೇನೇ ಶ್ವಾಸಕೋಶ ಬೆಳೆಯುವುದು. ತಿಂಗಳು ತುಂಬುವ ಹೊತ್ತಿಗೆ ಒಂದು ಕೆಜಿ ತೂಕಕ್ಕೆ ಹೆಚ್ಚುಕಮ್ಮಿ 20ರಿಂದ 30 ಎಂಎಲ್ ಇರುತ್ತದೆ. ನಮ್ಮ ಮಗುವಿನ ಲೆಕ್ಕಕ್ಕೆ 55ರಿಂದ 80 ಎಂಎಲ್, ಹೋಟೆಲ್ಲಿನ ಕಾಫಿ ಲೋಟದ ಅರ್ಧಕ್ಕಿಂತ ಜಾಸ್ತಿ. ಹೊರಗೆ ಬಂದ ಕೂಡಲೇ ಅದೇ ಜಾಗದಲ್ಲಿ ಗಾಳಿ ಓಡಾಡಬೇಕು. ಹಾಗಾದರೆ ನೀರು ಎಲ್ಲಿಗೆ ಹೋಗಬೇಕು?

ಬರುವ ದಾರಿ ಇಕ್ಕಟ್ಟು, ಎದೆ ಹಿಂಡಿ ನೀರು ಬಾಯಿಂದ ಹೊರಗೆ ಹೋಗುತ್ತದೆ ಅಂತ ಹಿಂದೆ ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಹಾಗೆ ಹೋಗುವುದು ಸ್ವಲ್ಪ ಮಾತ್ರ. ದೊಡ್ಡ ಕೆಲಸ ಮಾಡುವುದು ಉಪ್ಪು. ಉಪ್ಪು ಎಲ್ಲೋ ನೀರು ಅಲ್ಲಿ, ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ರಾತ್ರಿ ಇಟ್ಟರೆ ಬೆಳಗ್ಗೆ ನೀರು ಬಿಟ್ಟಿರುತ್ತದಲ್ವಾ, ಅದೇ ಲೆಕ್ಕ. ಶ್ವಾಸಕೋಶದ ಒಳಪದರದ ಜೀವಕೋಶಗಳಲ್ಲಿ ಸೋಡಿಯಂ ಒಳಬರುವ ಸಣ್ಣ ಸಣ್ಣ ಬಾಗಿಲುಗಳಿವೆ. ಅವು ತೆರೆದರೆ ದ್ರವದಲ್ಲಿರುವ ಸೋಡಿಯಂ ಒಳಕ್ಕೆ ಸರಿಯುತ್ತದೆ, ಅದರ ಹಿಂದೆಯೇ ನೀರು ಹೋಗಿ, ರಕ್ತಕ್ಕೂ ದುಗ್ಧನಾಳಗಳಿಗೂ ಸೇರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನೀರು ಜಿನುಗಿಸುತ್ತಿದ್ದ ಪದರ ಕೆಲವೇ ಗಂಟೆಗಳಲ್ಲಿ ನೀರು ಹೀರುವ ಪದರವಾಗಬೇಕು. ಆ ಬಾಗಿಲುಗಳನ್ನು ಪೂರ್ತಿ ತೆರೆಸುವುದು ಅಡ್ರಿನಲಿನ್. ಹೆದರಿದಾಗ, ಓಡುವಾಗ ನಮ್ಮ ಮೈಯಲ್ಲಿ ಉಕ್ಕುತ್ತದಲ್ಲ, ಅದೇ.

ಮಗುವಿಗೆ ಅದು ಎಲ್ಲಿಂದ ಉಕ್ಕುತ್ತದೆ? ಹೆರಿಗೆ ನೋವಿನಿಂದ. ನೋವು ಅಮ್ಮನದು ಅಂತ ನಾವು ಮಾತಾಡುತ್ತೇವೆ, ಮಗುವಿಗೂ ಅದರಲ್ಲಿ ಪಾಲಿದೆ. ಗರ್ಭಕೋಶ ಬಿಗಿದಾಗೆಲ್ಲ ಮಾಸಿಗೆ, ಅಂದರೆ ಪ್ಲಾಸೆಂಟಾಗೆ, ಹೋಗುವ ರಕ್ತ ಸ್ವಲ್ಪ ಹೊತ್ತು ಕಮ್ಮಿಯಾಗುತ್ತದೆ, ಮಗುವಿನ ತಲೆ ಒತ್ತುತ್ತದೆ, ಆಕ್ಸಿಜನ್ ಇಳಿಯುತ್ತದೆ; ಬಿಗಿತ ಸಡಿಲವಾದಾಗ ಮತ್ತೆ ಸರಿಹೋಗುತ್ತದೆ. ಹೀಗೆ ಗಂಟೆಗಟ್ಟಲೆ. ಪ್ರತಿ ಸಲವೂ ಮಗುವಿನ ಅಡ್ರಿನಲ್ ಗ್ರಂಥಿ ಒಂದಷ್ಟು ಹಾರ್ಮೋನ್ ಬಿಡುತ್ತದೆ. ಹುಟ್ಟುವಾಗ ಈ ಗ್ರಂಥಿ ಕಿಡ್ನಿಯ ಮೂರರಲ್ಲಿ ಒಂದು ಭಾಗದಷ್ಟು ದೊಡ್ಡದಿರುತ್ತದೆ, ನಮ್ಮಂಥ ದೊಡ್ಡವರಲ್ಲಿ ಮೂವತ್ತರಲ್ಲಿ ಒಂದು ಭಾಗ ಅಷ್ಟೆ. ಸ್ವೀಡನ್ನಿನ ಮಕ್ಕಳ ವೈದ್ಯ ಹ್ಯೂಗೋ ಲಾಗರ್‌ಕ್ರಾಂಟ್ಸ್ ಮತ್ತು ಅಮೆರಿಕದ ಥಿಯೋಡರ್ ಸ್ಲಾಟ್ಕಿನ್ 1986ರಲ್ಲಿ ಇದನ್ನು ಸಾಮಾನ್ಯರಿಗೂ ತಿಳಿಯುವ ಹಾಗೆ ಬರೆದರು. ಹುಟ್ಟುವ ಮಗುವಿನ ರಕ್ತದಲ್ಲಿ ಈ ಹಾರ್ಮೋನುಗಳ ಮಟ್ಟ ಹೆರುತ್ತಿರುವ ತಾಯಿಗಿಂತಲೂ, ಹಾರ್ಟ್ ಅಟ್ಯಾಕ್ ಆದ ದೊಡ್ಡವರಿಗಿಂತಲೂ ಮೇಲಿರುತ್ತದೆ. ಓದಿದರೆ ಗಾಬರಿಯಾಗುತ್ತದೆ, ಆದರೆ ಮಗು ಗಾಬರಿಯಾಗಿರುವುದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಅಡ್ರಿನಲಿನ್ನಿನ ಜೊತೆಗಾರ ಹಾರ್ಮೋನ್ ನಾರ್‌ಅಡ್ರಿನಲಿನ್. ನಮಗೆ ಎದೆ ಡವಡವ ಹೊಡೆದುಕೊಂಡರೆ, ಹೊಟ್ಟೆಯೊಳಗಿನ ಮಗುವಿಗೆ ಎದೆಬಡಿತ ನಿಧಾನವಾಗಿ, ಕೈಕಾಲು ಕರುಳಿನ ರಕ್ತವೆಲ್ಲ ಮಿದುಳಿಗೂ ಹೃದಯಕ್ಕೂ ತಿರುಗುತ್ತದೆ. ಇರುವ ಸ್ವಲ್ಪ ಆಕ್ಸಿಜನ್ ಮುಖ್ಯ ಜಾಗಕ್ಕೆ ಸಿಗಲಿ ಅಂತ.

ಇದೇ ಉಕ್ಕು ಉಳಿದೆರಡು ಕೆಲಸವನ್ನೂ ಮಾಡುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಅಮ್ಮನ ಸಕ್ಕರೆ ಬಂದ್. ಮೊದಲ ಒಂದೆರಡು ಗಂಟೆಯಲ್ಲಿ ಎಲ್ಲ ಮಕ್ಕಳಿಗೂ ಶುಗರ್ ಇಳಿಯುತ್ತದೆ. ಆಗ ಲಿವರಿನಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಒಡೆದು ಸಕ್ಕರೆ ಬಿಡಿಸಬೇಕು, ಅದಕ್ಕೂ ಅಡ್ರಿನಲಿನ್ ಬೇಕು. ಬಿಸಿಯ ವಿಷಯವೂ ಹಾಗೇ. ಹೊಸ ಮಗು ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳುವುದಿಲ್ಲ. ಅದರ ಭುಜದ ಹಲಗೆಗಳ ನಡುವೆ, ಕಿಡ್ನಿಗಳ ಸುತ್ತ ಕಂದು ಕೊಬ್ಬು ಅಂತ ಇರುತ್ತದೆ, ಬರೀ ಉರಿದು ಶಾಖ ಕೊಡುವುದೇ ಅದರ ಕೆಲಸ. ಕಡ್ಡಿ ಗೀರುವುದು ನಾರ್‌ಅಡ್ರಿನಲಿನ್. ಓಟಿಯ ಏಸಿ ಬೇರೆ ತಣ್ಣಗೆ ಕೊರೆಯುತ್ತಿರುತ್ತದೆ, ಅಲ್ಲಿಗೆ ಒದ್ದೆ ಮೈಯ ಮಗು ಬರುತ್ತದೆ. ಕಡ್ಡಿ ಗೀರುವವರೇ ಇಲ್ಲದಿದ್ದರೆ 35.9 ಆಗದೆ ಇನ್ನೇನು?

ನೋವು ತಿಂದು ಹುಟ್ಟಿದ ಮಗು ಮೊದಲ ಒಂದು ಗಂಟೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡುವುದನ್ನು ಗಮನಿಸಿದ್ದೀರಾ? ಆಮೇಲೆ ಇಡೀ ದಿನ ಮಲಗುವ ಮಗು ಆ ಒಂದು ಗಂಟೆ ಮಾತ್ರ ಎಚ್ಚರ. ಅದೂ ಈ ಹಾರ್ಮೋನಿನದೇ ಕೆಲಸ. ಆ ಹೊತ್ತಲ್ಲಿ ಅಮ್ಮನ ಎದೆ ಮೇಲೆ ಹಾಕಿದರೆ ವಾಸನೆ ಹಿಡಿದು ತಾನೇ ಮೊಲೆ ಹುಡುಕುತ್ತದೆ. ನಮ್ಮ ಮಗು ಆ ಗಂಟೆಯನ್ನು ವಾರ್ಮರಿನ ಕೆಳಗೆ ಕಣ್ಣು ಮುಚ್ಚಿ ಕಳೆಯಿತು.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಒಳ್ಳೇದು ಅಂತ ನಾನು ಹೇಳುತ್ತಿಲ್ಲ. ಬಿಗಿತಕ್ಕೂ ಬಿಗಿತಕ್ಕೂ ನಡುವೆ ಮಗುವಿಗೆ ಸುಧಾರಿಸಿಕೊಳ್ಳಲು ಬಿಡುವು ಸಿಗದಿದ್ದರೆ, ಬಳ್ಳಿ ಒತ್ತಿಹೋದರೆ, ಇದೇ ಕಾಪಾಡುವ ಏರ್ಪಾಡು ಸೋತುಹೋಗುತ್ತದೆ. ರಕ್ತದಲ್ಲಿ ಆಮ್ಲ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಅಂಥ ಮಕ್ಕಳನ್ನೂ ನಾನು ನೋಡಿಕೊಂಡಿದ್ದೇನೆ, ಅವರ ಅಮ್ಮಂದಿರ ಮುಖ ಮರೆಯಲು ಆಗಿಲ್ಲ. ಸಿಸೇರಿಯನ್ ಅಂಥ ಎಷ್ಟೋ ಮಕ್ಕಳನ್ನು ಉಳಿಸಿದೆ. ತಂಗಿಗೂ ಸಿಸೇರಿಯನ್ ಮಾಡಿದ್ದು ತಪ್ಪಲ್ಲ. ತಪ್ಪಿದ್ದು ದಿನ. ಡಾಕ್ಟರ್ ಹೇಳಿದ ದಿನಕ್ಕೆ ನೋವು ಬರದೆಯೇ ತೆಗೆದಿದ್ದರೂ ಇನ್ನೊಂದು ಲಾಭವಿತ್ತು: ಕೊನೆಯ ವಾರಗಳಲ್ಲಿ ಮಗುವಿನ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ತಾನಾಗಿ ಏರುತ್ತಾ ಹೋಗುತ್ತದೆ, ಆ ಸೋಡಿಯಂ ಬಾಗಿಲುಗಳನ್ನು ಮೊದಲೇ ಜೋಡಿಸಿ ಇಡುವುದು ಅದೇ. 37 ವಾರ ದಾಟಿದರೆ ತಿಂಗಳು ತುಂಬಿತು ಅನ್ನುವುದು ಲೆಕ್ಕಕ್ಕೆ ಸರಿ, ಶ್ವಾಸಕೋಶಕ್ಕೆ ಪೂರ್ತಿ ಸರಿಯಲ್ಲ. 2009ರಲ್ಲಿ ಅಮೆರಿಕದಲ್ಲಿ ತಂಗಿಯಂಥವರದೇ, ಅಂದರೆ ಹಿಂದೆ ಸಿಸೇರಿಯನ್ ಆಗಿ ಮತ್ತೆ ದಿನ ಗೊತ್ತುಮಾಡಿ ಮಾಡಿಸಿಕೊಂಡ 13 ಸಾವಿರಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ತೆಗೆದರು. ಉಸಿರಾಟ, ಶುಗರ್, ಸೋಂಕು ಇಂಥ ಏನಾದರೊಂದು ತೊಂದರೆಯಾದ ಮಕ್ಕಳು 37ನೇ ವಾರದಲ್ಲಿ 15.3%, 38ರಲ್ಲಿ 11%, 39ರಲ್ಲಿ 8%. ಎರಡು ವಾರಕ್ಕೆ ಹೆಚ್ಚುಕಮ್ಮಿ ಅರ್ಧಕ್ಕರ್ಧ.

ಅದೇ ವಾರ ನಾನು ಕೆಲಸ ಮಾಡುವ ಕಡೆ ಇನ್ನೊಂದು ಮಗು ಹುಟ್ಟಿತ್ತು. 37 ವಾರ 3 ದಿನ, ಅದೂ ಸಿಸೇರಿಯನ್ನೇ. ಆದರೆ ನೋವು ಶುರುವಾಗಿ ಒಂಬತ್ತು ಗಂಟೆ ಆದಮೇಲೆ, ಗರ್ಭಕೋಶದ ಬಾಯಿ ತೆರೆಯುವುದು ನಿಂತುಹೋಯಿತು ಅಂತ ಮಾಡಿದ್ದು. ಉಸಿರು 48. ಒಂದು ಗಂಟೆಯೊಳಗೆ ಹಾಲು ಕುಡಿಯುತ್ತಿತ್ತು. ಒಂದು ಮಗುವನ್ನು ಇನ್ನೊಂದರ ಪಕ್ಕ ಇಟ್ಟು ತೀರ್ಮಾನ ಮಾಡಬಾರದು, ಅದು ನನಗೂ ಗೊತ್ತು. ಆದರೂ ಆ ವಾರವೆಲ್ಲ ಅದು ತಲೆಯಿಂದ ಹೋಗಲಿಲ್ಲ.

ಚಿಕಿತ್ಸೆಯಲ್ಲಿ ದೊಡ್ಡ ಕಥೆ ಏನಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಎರಡು ಭಾಗಗಳ ನಡುವಿನ ಸಂದಿನಲ್ಲಿ ನೀರಿನ ತೆಳು ಗೆರೆ ಕಂಡಿತು. 1966ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೊತೆಗಾರರು ಮೊದಲು ವಿವರಿಸಿದ ತೊಂದರೆ ಇದು. ನಾವು ವಾರ್ಡಿನಲ್ಲಿ ಟಿಟಿಎನ್ ಅನ್ನುತ್ತೇವೆ, ಹೊಸ ಮಗುವಿಗೆ ಸ್ವಲ್ಪ ಕಾಲ ಇದ್ದು ಹೋಗುವ ಏದುಸಿರು ಅಂತ ಅರ್ಥ. ಒಂದರಿಂದ ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ, ಅಲ್ಲಿತನಕ ಮಗುವಿಗೆ ಆಸರೆ ಕೊಡಬೇಕು ಅಷ್ಟೆ. ರಕ್ತ ಕಳಿಸಿ ಸೋಂಕಿಲ್ಲ ಅಂತ ಖಚಿತ ಮಾಡಿಕೊಂಡರು. 10% ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ ದ್ರವ, ಐದೂವರೆ ಎಂಎಲ್ ನಿಧಾನವಾಗಿ ಕೊಟ್ಟು, ಆಮೇಲೆ ಡ್ರಿಪ್ ಹಾಕಿದರು. ಅರ್ಧ ಗಂಟೆಗೆ ಶುಗರ್ 58. ಉಸಿರಿಗೆ ಬಬಲ್ ಸಿಪ್ಯಾಪ್. ಮೂಗಿಗೆ ಸಣ್ಣ ಕೊಳವೆ, ಅದರ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಮುಳುಗಿರುತ್ತದೆ, ಗುಳುಗುಳು ಅಂತ ಗುಳ್ಳೆ ಏಳುತ್ತಿರುತ್ತದೆ. ಮಗು ಮುಲುಕುತ್ತಾ ಮಾಡುತ್ತಿದ್ದ ಕೆಲಸವನ್ನೇ ಆ ಬಾಟಲಿ ಮಾಡುತ್ತದೆ, ಗಾಳಿಯನ್ನು ಒಳಗೆ ತಡೆದಿಡುತ್ತದೆ. ಹಾಕಿದ ಹತ್ತು ನಿಮಿಷಕ್ಕೆ ಮುಲುಕು ನಿಂತಿತು. ಸಂಜೆ ಹೊತ್ತಿಗೆ ಉಸಿರು 76, ಮರುದಿನ ಬೆಳಗ್ಗೆ 68.

ಎರಡನೇ ದಿನ ಸಂಜೆ ತಂಗಿಯನ್ನು ಗಾಲಿ ಕುರ್ಚಿಯಲ್ಲಿ ಕರೆತಂದೆ. ಹೊಲಿಗೆ ನೋವು, ಎದೆ ಕಟ್ಟಿಕೊಂಡು ಹಾಲು ಸೋರುತ್ತಿತ್ತು. ಮಗುವಿನ ಕಾಲು ಮುಟ್ಟಿ ಸುಮಾರು ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಬಾಟಲಿ ಕಡೆ ನೋಡುತ್ತಲೇ ಕೇಳಿದಳು.

“ಅಕ್ಕಾ, ಹಿಂಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ?”

“ಆಗಬಹುದು ಅಂತ ಗೊತ್ತಿತ್ತು.”

“ಮತ್ತೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಾರು ಮನೆಯವರಿಗೆ ಗಟ್ಟಿಯಾಗಿ ಹೇಳುವವಳು ಸ್ವಂತ ತಂಗಿಯ ಅತ್ತೆಗೆ ಹೆದರಿದೆ ಅಂತ ಹೇಗೆ ಹೇಳುವುದು? ಅವಳು ಮತ್ತೆ ಕೇಳಲೂ ಇಲ್ಲ.

36ನೇ ಗಂಟೆಗೆ ಉಸಿರು 56ಕ್ಕೆ ಇಳಿಯಿತು, ಸಿಪ್ಯಾಪ್ ತೆಗೆದರು. ಉಸಿರು ಜೋರಾಗಿರುವಾಗ ಬಾಯಿಗೆ ಹಾಲು ಹಾಕಿದರೆ ನೆತ್ತಿಗೇರುವ ಭಯ, ಹಾಗಾಗಿ ಅಲ್ಲಿತನಕ ಬಾಯಿಗೆ ಏನೂ ಕೊಟ್ಟಿರಲಿಲ್ಲ. ಮಕ್ಕಳ ಡಾಕ್ಟರು ಮೊದಲು ಒಳಲೆಯಲ್ಲಿ ಹಾಕಿ ನೋಡಿ ಅಂದರು. ಅಜ್ಜಿ ಮನೆಯಿಂದ ತಂದಿದ್ದ ಬೆಳ್ಳಿ ಒಳಲೆ ಬೇಡ ಅಂತ ಆಸ್ಪತ್ರೆಯ ಸ್ಟೀಲ್ ಒಳಲೆಯನ್ನೇ ಕುದಿಸಿ ತಂದರು. ತಂಗಿ ಹಿಂಡಿಕೊಟ್ಟ ಗಿಣ್ಣು ಹಾಲು 5 ಎಂಎಲ್, ಹಳದಿ ಬಣ್ಣ. ಮೂತಿಯನ್ನು ಕೆಳತುಟಿಗೆ ತಾಗಿಸಿದೆ. ಮಗು ನಾಲಿಗೆ ಚಾಚಿ ನೆಕ್ಕಿತು, ನುಂಗಿತು, ಉಸಿರು ತೆಗೆದುಕೊಂಡಿತು, ಮತ್ತೆ ನೆಕ್ಕಿತು. ಹೊರಗೆ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರ ಮೇಲಿದ್ದ ಸಿಟ್ಟು ಆ ಕ್ಷಣ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆಮೇಲೆ ತಿರುಗಿ ಬಂತು ಅನ್ನಿ.

ಐದನೇ ದಿನ ಅಮ್ಮ ಮಗು ಇಬ್ಬರನ್ನೂ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾರ್ಡನ್ನು ನಾನೇ ಕೂತು ಓದಿದೆ. ಸಿಸೇರಿಯನ್‌ಗೆ ಕಾರಣ: ಹಿಂದಿನ ಸಿಸೇರಿಯನ್. ಮಗುವಿನ ತೊಂದರೆ: ಟಿಟಿಎನ್, ಕಡಿಮೆ ಶುಗರ್. ಬೇರೊಂದು ಸಾಲಿನಲ್ಲಿ ವಾರ 37+4. ಮೂಲಾ, ಪುಷ್ಯ, ಚೀಟಿ, ಒಂದು ಫೋನ್ ಕರೆ, ಇವು ಯಾವುವೂ ಆ ಕಾರ್ಡಿನಲ್ಲಿಲ್ಲ. ಬರೆಯುವ ಜಾಗವೂ ಅದರಲ್ಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ, ತಂಗಿಗೆ ಓದಿಸಿ, ಅವಳು ಹೂಂ ಅಂದ ಮೇಲೆ.